ಕಪ್ಪು ಮೂರರಿಂದ ಕಪ್ಪು ಐದಕ್ಕೆ

ಈ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ನನ್ನ ಹಾಡು-ಹಾಸ್ಯದ ಕಾರ್ಯಕ್ರಮವಿದೆ. ಒಂದೂವರೆ ಗಂಟೆ, ಒಂದೇ ಹಾರ್ಮೋನಿಯಂ. ನನ್ನಂಥ ಕಣ್ಣು ಕಾಣದವರಿಗೆ ಜೋಕಿಗಿಂತ ಮೊದಲು ವೇದಿಕೆ ಕಾಲಿಗೆ ಗೊತ್ತಾಗಬೇಕು.

ನಾನು ತೆಂಗಿನ ನಾರಿನ ಮ್ಯಾಟ್ ಹಾಸಿಕೊಂಡು ಬರಿಗಾಲಲ್ಲಿ ನಿಲ್ಲುತ್ತೇನೆ. ಅಳತೆ ನಾಲ್ಕಡಿ, ಆರಡಿ. ವೇದಿಕೆಯ ಅಂಚಿಗೂ ಮ್ಯಾಟಿಗೂ ನಡುವೆ ನಾಲ್ಕಡಿ ಜಾಗ ಬಿಡಬೇಕು. ನಾಲ್ಕೂ ಬದಿಗೆ ಅಗಲ ಟೇಪ್ ಹಚ್ಚದಿದ್ದರೆ ಮ್ಯಾಟ್ ಜಾರುತ್ತದೆ, ಅಳತೆಯೇ ಸುಳ್ಳಾಗುತ್ತದೆ. ಮೈಕ್ ಸ್ಟ್ಯಾಂಡ್ ದುಂಡು ತಳದ್ದಿರಲಿ, ಮೂರು ಕಾಲಿನದು ಪಾದಕ್ಕೆ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ಉದ್ಘಾಟನೆ, ಸನ್ಮಾನ ಇದ್ದೇ ಇರುತ್ತವೆ. ಕುರ್ಚಿ, ದೀಪದ ಕಂಬ ತೆಗೆಯುವಾಗ ಹಾರ್ಮೋನಿಯಂ ಇಟ್ಟ ಮೇಜು ಸರಿದಿರುತ್ತದೆ, ಎಣ್ಣೆ ಚೆಲ್ಲಿರುತ್ತದೆ. ಎಲ್ಲ ತೆಗೆದ ಮೇಲೆ ಇನ್ನೊಮ್ಮೆ ಕೈಯಾಡಿಸಿಯೇ ಶುರು ಮಾಡಬೇಕು.

ಹಾಸ್ಯಕ್ಕೆ ನನಗೆ ಹಾರ್ಮೋನಿಯಂನ ಕಪ್ಪು ಮನೆಗಳೇ, ಅಂದರೆ ಕಪ್ಪು ಕೀಗಳೇ, ಆಧಾರ. ಎರಡರ ಗುಂಪು, ಮೂರರ ಗುಂಪು ಬೆರಳಿಗೆ ತಾವಾಗಿ ಸಿಗುತ್ತವೆ. ಮೂರರ ಗುಂಪಿನ ಮೊದಲನೆಯದು, ಅಂದರೆ ಎರಡರ ಗುಂಪಿನಿಂದ ಎಣಿಸಿದರೆ ಕಪ್ಪು ಮೂರು, ಷಡ್ಜ (‘ಸ’) ಆದರೆ ಐದೂ ಕಪ್ಪು ಮನೆ ಸೇರಿ ಮೋಹನ ರಾಗ. ಅವೇ ಐದು ಮನೆ, ಷಡ್ಜವನ್ನು ಕಪ್ಪು ಐದಕ್ಕೆ ಒಯ್ದರೆ ಹಿಂದೋಳ ರಾಗ. ಮೋಹನದಲ್ಲಿ ‘ಅಡಿಕೆಗೆ ರೇಟು ಬಂತಂತೆ’ ಎಂದು ಕುಣಿಸಿ, ಹಿಂದೋಳಕ್ಕೆ ಹೊರಳಿ ‘ತೋಟಕೆ ಕೊಳೆಯು ಬಂತಂತೆ’ ಎಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಕೈ ಸೋತವರಿಗೆಲ್ಲ ತಕ್ಷಣ ತಾಗುತ್ತದೆ. ಎರಡೂ ಸಾಲಿನ ಮಾತ್ರೆ ಒಂದೇ ಇರಬೇಕು: ನಾಲ್ಕು, ಮೂರು, ಐದು. ಒಂದು ಮಾತ್ರೆ ಹೆಚ್ಚಾದರೂ ಜನ ತಾಳ ಹುಡುಕಲು ಹೋಗುತ್ತಾರೆ, ನಗು ಕೈತಪ್ಪುತ್ತದೆ. ಷಡ್ಜ ಬದಲಾದದ್ದು ಕಿವಿಗೆ ಕೂರಲು ಹೊಸ ಷಡ್ಜವನ್ನು ನಾಲ್ಕೆಣಿಕೆ ಒತ್ತಿ ಹಿಡಿಯಬೇಕು. ಅವಸರ ಮಾಡಿದರೆ ಅದು ಮೋಹನದ ಗಾಂಧಾರದಂತೆಯೇ (‘ಗ’) ಕೇಳುತ್ತದೆ.

ಕೊನೆಯ ಅಕ್ಷರದ ಜೊತೆಗೇ ತಿದಿ ನಿಲ್ಲಿಸಿ, ಬೆರಳು ಎತ್ತಿ. ಶ್ರುತಿ ಎಳೆಯುತ್ತಲೇ ಇದ್ದರೆ ಹಾಡು ಇನ್ನೂ ಇದೆ ಎಂದುಕೊಂಡು ಜನ ನಗು ತಡೆದುಕೊಳ್ಳುತ್ತಾರೆ. ನಗು ಏರಿ ಅರ್ಧಕ್ಕೆ ಇಳಿದಾಗ ಮತ್ತೆ ಷಡ್ಜ ಒತ್ತುತ್ತೇನೆ. ಪೂರ್ತಿ ಆರಲು ಬಿಟ್ಟರೆ ಸಭೆಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.

ಈ ಇಳಿತ ಕೇಳಿಸದೇ ಹೋಗುವುದೇ ದೊಡ್ಡ ಕಷ್ಟ. ನನ್ನ ದನಿ ನನಗೆ ಕೇಳಿಸುವ ಮಾನಿಟರ್ ಸ್ಪೀಕರನ್ನು ಎದುರಿಗಿಟ್ಟರೆ ನನ್ನ ದನಿಯೇ ನಗುವನ್ನು ಮುಚ್ಚುತ್ತದೆ. ಅದನ್ನು ಎಡಗಡೆಗೆ, ಕಡಿಮೆ ದನಿಯಲ್ಲಿ ಇಡಿಸುತ್ತೇನೆ. ತಗಡಿನ ಮಾಡಿನ ಸಭಾಂಗಣವಾದರೆ ಮಳೆ ಸದ್ದು ಬೇರೆ. ಆಗ ಮೂರನೇ ಸಾಲಿನ ಹತ್ತಿರ ಜನರ ಕಡೆ ತಿರುಗಿಸಿದ ಒಂದು ಮೈಕ್, ಅದರ ದನಿ ನನ್ನ ಒಂದೇ ಕಿವಿಯ ಇಯರ್‌ಫೋನಿಗೆ. ಆ ಮೈಕ್ ತಪ್ಪಿಯೂ ದೊಡ್ಡ ಸ್ಪೀಕರಿಗೆ ಹೋಗಬಾರದು, ಹೋದರೆ ಸ್ಪೀಕರಿನಿಂದ ಕೀರಲು ಕೂಗು ಏಳುತ್ತದೆ.

ಮಲೆನಾಡಿನ ತೇವಕ್ಕೆ ಹಾರ್ಮೋನಿಯಂ ಮರ ಉಬ್ಬಿ, ಒತ್ತಿದ ಮನೆ ಮೇಲೇಳುವುದಿಲ್ಲ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಇರಲಿ. ಹಿಂದಿನ ದಿನವೇ ಪ್ರತಿ ಮನೆಯನ್ನೂ ಒತ್ತಿ ಬಿಟ್ಟು ನೋಡಿ. ಬ್ರೈಲ್ ಚೀಟಿಯ ಚುಕ್ಕೆಗಳೂ ತೇವದಲ್ಲಿ ಚಪ್ಪಟೆಯಾಗುತ್ತವೆ, ಹಾಗಾಗಿ ಪ್ಲಾಸ್ಟಿಕ್ ಹಾಳೆಯೇ ಸರಿ. ಕಾರ್ಯಕ್ರಮದ ಪ್ರತಿ ತುಣುಕಿಗೆ ಚೀಟಿಯಲ್ಲಿ ಒಂದು ಪದ ಸಾಕು. ಸಮಯಕ್ಕೆ ಜೇಬಿನ ಫೋನು ಇಪ್ಪತ್ತು ನಿಮಿಷಕ್ಕೊಮ್ಮೆ ನಡುಗುತ್ತದೆ.

ಮಳೆ ಜೋರಾದರೆ ಮಾತಿನ ಜೋಕು ಬಿಟ್ಟುಬಿಡಿ. ಪಲ್ಲವಿಗೆ ಜನರೇ ದನಿಗೂಡಿಸುವ ಹತ್ತು ನಿಮಿಷದ ಹಾಡುಗಳನ್ನು ಪಟ್ಟಿಯ ಕೊನೆಗೆ ಬೇರೆಯೇ ಇಟ್ಟುಕೊಂಡಿರುತ್ತೇನೆ.