ಬಿಓಡಿ ಪರೀಕ್ಷೆ: ಪ್ರಾಜೆಕ್ಟ್ ವರದಿಯಲ್ಲಿ ನಿಲ್ಲುವಂಥ ಅಂಕಿ ಪಡೆಯುವ ಬಗೆ

ಪರಿಸರ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರಾಜೆಕ್ಟ್ ಹಿಡಿದವರಿಗೆ ಬಿಓಡಿ ಪರೀಕ್ಷೆ ತಪ್ಪಿದ್ದಲ್ಲ. ಬಿಓಡಿ ಎಂದರೆ ನೀರಿನಲ್ಲಿರುವ ಸಾವಯವ ಅಂಶವನ್ನು ಸೂಕ್ಷ್ಮಾಣುಗಳು ಕೊಳೆಸುವಾಗ ತಿನ್ನುವ ಆಮ್ಲಜನಕದ ಪ್ರಮಾಣ; ಮುಚ್ಚಿದ ಬಾಟಲಿಯಲ್ಲಿ ಐದು ದಿನದಲ್ಲಿ ಆಮ್ಲಜನಕ ಎಷ್ಟು ಇಳಿಯಿತು ಎಂದು ನೋಡಿ ಇದನ್ನು ಲೆಕ್ಕ ಹಾಕುತ್ತಾರೆ. ಸಂಸ್ಕರಣಾ ವಿಧಾನ ಯಾವುದೇ ಇರಲಿ, ವೈವಾದಲ್ಲಿ ಮೊದಲು ಕೇಳುವುದು "ಬಿಓಡಿ ಎಷ್ಟು ಇಳಿಯಿತು, ಹೇಗೆ ಅಳೆದಿರಿ" ಎಂದೇ. ವಿಧಾನ ಎಲ್ಲ ಲ್ಯಾಬ್ ಮ್ಯಾನುಯಲ್‌ಗಳಲ್ಲೂ ಇದೆ. ಆದರೂ ಎಷ್ಟೋ ಬಾಟಲಿಗಳು ಲೆಕ್ಕಕ್ಕೆ ಬಾರದೆ ಹೋಗುತ್ತವೆ. ಕೆಡುವುದು ಮೊದಲ ದಿನ, ಗೊತ್ತಾಗುವುದು ಐದನೆಯ ದಿನ. ಅಷ್ಟರಲ್ಲಿ ಸ್ಯಾಂಪಲ್ ಕೂಡ ಉಳಿದಿರುವುದಿಲ್ಲ. ಹಾಗಾಗಿ ಇಲ್ಲಿ ಹೆಚ್ಚು ಮಾತು ಮೊದಲ ದಿನದ ಕೆಲಸದ ಬಗ್ಗೆಯೇ.

ಯಾವ ದಿನ ಹೂಡಬೇಕು

ಬಾಟಲಿಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟ ಐದು ದಿನಕ್ಕೆ, ಹೆಚ್ಚೆಂದರೆ ಆರು ಗಂಟೆ ಹಿಂದೆಮುಂದೆ, ಹೊರತೆಗೆದು ಓದಬೇಕು. ಸೋಮವಾರ ಹೂಡಿದರೆ ಶನಿವಾರ ಬರಬೇಕು, ಮಂಗಳವಾರ ಹೂಡಿದರೆ ಭಾನುವಾರ. ವಾರಾಂತ್ಯದಲ್ಲಿ ಲ್ಯಾಬಿಗೆ ಬೀಗ ಬೀಳುವುದಾದರೆ ಬುಧ, ಗುರು, ಶುಕ್ರ ಮಾತ್ರ ಹೂಡುವ ದಿನಗಳು. ಸೆಮಿಸ್ಟರಿನ ರಜೆಗಳನ್ನೂ ಸೇರಿಸಿ ಎಣಿಸಿದರೆ ನಿಮಗೆ ಸಿಗುವ ಸುತ್ತುಗಳು ಅಂದುಕೊಂಡಿದ್ದಕ್ಕಿಂತ ಕಡಿಮೆ ಇರುತ್ತವೆ. ಇನ್‌ಕ್ಯುಬೇಟರ್ ಇಡೀ ವಿಭಾಗಕ್ಕೆ ಒಂದೇ ಇದ್ದರೆ ಕಪಾಟಿನ ಜಾಗವನ್ನೂ ಮೊದಲೇ ಕೇಳಿ ಬರೆದಿಡಿ.

ಈ ಐದು ದಿನ ಎಲ್ಲಿಂದ ಬಂತು ಎಂದು ವೈವಾದಲ್ಲಿ ಕೇಳುವುದುಂಟು. ಬ್ರಿಟನ್ನಿನ ಕೊಳಚೆ ವಿಲೇವಾರಿ ರಾಯಲ್ ಕಮಿಷನ್ 1912ರ ತನ್ನ ಎಂಟನೆಯ ವರದಿಯಲ್ಲಿ 65° ಫ್ಯಾರನ್‌ಹೀಟ್‌ನ ಐದು ದಿನದ ಪರೀಕ್ಷೆಯನ್ನು ಆಧಾರವಾಗಿ ಹಿಡಿಯಿತು; ಅಭ್ಯಾಸ ಅಲ್ಲಿಂದ ಗಟ್ಟಿಯಾಯಿತು. ಸೂಕ್ಷ್ಮಾಣುಗಳಿಗೆ ಅಂಥ ಗಡುವೇನೂ ಇಲ್ಲ. ದರ ಸ್ಥಿರಾಂಕ (ಆಮ್ಲಜನಕ ಖರ್ಚಾಗುವ ವೇಗದ ಅಳತೆ) ದಿನಕ್ಕೆ 0.23 ಎಂದು ಹಿಡಿದರೆ ಐದು ದಿನದಲ್ಲಿ ಕಾಣುವುದು ಅಂತಿಮ ಬಿಓಡಿಯ ಶೇ. 68 ಮಾತ್ರ.

ಬೆರಕೆ ನೀರು

ಕೆಟ್ಟ ಫಲಿತಾಂಶಗಳ ಬೇರು ಹೆಚ್ಚಾಗಿ ಸಿಗುವುದು ಇಲ್ಲಿಯೇ. ಸ್ಯಾಂಪಲ್ಲನ್ನು ತೆಳುಮಾಡಲು ಬಳಸುವ ನೀರು ತಾನಾಗಿ ಆಮ್ಲಜನಕ ತಿನ್ನಬಾರದು, ಸೂಕ್ಷ್ಮಾಣುಗಳನ್ನು ಕೊಲ್ಲಲೂಬಾರದು. ತಾಮ್ರದ ಭಾಗಗಳಿರುವ ಹಳೆಯ ಡಿಸ್ಟಿಲೇಷನ್ ಯಂತ್ರದ ನೀರಿನಲ್ಲಿ ತಾಮ್ರ ಇಳಿದು ಬಿಓಡಿ ಕಡಿಮೆ ತೋರುತ್ತದೆ. ಡಿಅಯೋನೈಸರಿನ ರೆಸಿನ್ ಹಳತಾದರೆ ಸಾವಯವ ಅಂಶ ಬಿಟ್ಟು ಬ್ಲ್ಯಾಂಕ್, ಅಂದರೆ ಬರೀ ಬೆರಕೆ ನೀರಿನ ಬಾಟಲಿಯಲ್ಲಿ ಕಾಣುವ ಆಮ್ಲಜನಕದ ಇಳಿಕೆ, ಏರುತ್ತದೆ.

ಲೀಟರಿಗೆ ತಲಾ 1 ಮಿ.ಲೀ.ನಂತೆ ನಾಲ್ಕು ದ್ರಾವಣ ಸೇರಿಸಬೇಕು. ಫಾಸ್ಫೇಟ್ ಬಫರಿಗೆ ಒಂದು ಲೀಟರಿನಲ್ಲಿ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 8.5 ಗ್ರಾಂ, ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ 21.75 ಗ್ರಾಂ, ಏಳು ನೀರಿನಣುಗಳಿರುವ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 33.4 ಗ್ರಾಂ, ಅಮೋನಿಯಂ ಕ್ಲೋರೈಡ್ 1.7 ಗ್ರಾಂ. ಸರಿಯಾಗಿ ತೂಗಿದ್ದರೆ ಪಿಎಚ್ ತಾನಾಗಿ 7.2 ಬರುತ್ತದೆ, ಬಾರದಿದ್ದರೆ ಆಮ್ಲ ಹಾಕಿ ಸರಿಪಡಿಸಲು ಹೋಗದೆ ಮತ್ತೆ ತೂಗಿ. ಉಳಿದ ಮೂರು: ಮೆಗ್ನೀಸಿಯಂ ಸಲ್ಫೇಟ್ (ಏಳು ನೀರಿನಣುಗಳದ್ದು) ಲೀಟರಿಗೆ 22.5 ಗ್ರಾಂ, ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ 27.5 ಗ್ರಾಂ, ಫೆರಿಕ್ ಕ್ಲೋರೈಡ್ (ಆರು ನೀರಿನಣುಗಳದ್ದು) 0.25 ಗ್ರಾಂ. ಬಫರಿನ ತಳದಲ್ಲಿ ನೂಲಿನಂಥ ಬೆಳವಣಿಗೆ ಕಂಡರೆ ಇಡೀ ಬಾಟಲಿ ಚೆಲ್ಲಿಬಿಡಿ.

ನೀರನ್ನು ಮೊದಲು 20° ಸೆ.ಗೆ ತಂದು, ಆಮೇಲೆ ಶುದ್ಧ ಗಾಳಿ ಹಾಯಿಸಿ. ಈ ಕ್ರಮ ತಿರುವುಮುರುವಾದರೆ ಪೆಟ್ಟು ಬೀಳುತ್ತದೆ: ತಣ್ಣನೆಯ ನೀರಿಗೆ ಗಾಳಿ ತುಂಬಿಸಿ ಆಮೇಲೆ ಬೆಚ್ಚಗಾಗಲು ಬಿಟ್ಟರೆ ನೀರು ಅತಿಸಂತೃಪ್ತವಾಗಿ, ಇನ್‌ಕ್ಯುಬೇಟರಿನಲ್ಲಿ ಬಿರಡೆಯಡಿ ಗುಳ್ಳೆ ಕಟ್ಟುತ್ತದೆ. ಆ ಆಮ್ಲಜನಕ ನೀರಿನಿಂದ ತಪ್ಪಿಸಿಕೊಂಡಿತು, ಯಾರೂ ತಿಂದಿದ್ದಲ್ಲ. ಲೆಕ್ಕದಲ್ಲಿ ಮಾತ್ರ ತಿಂದಂತೆಯೇ ಕಾಣುತ್ತದೆ. ಸಮುದ್ರಮಟ್ಟದಲ್ಲಿ 20° ಸೆ.ನ ಸಂತೃಪ್ತ ಡಿಓ (ನೀರಿನಲ್ಲಿ ಕರಗಿದ ಆಮ್ಲಜನಕ) ಲೀಟರಿಗೆ 9.1 ಮಿ.ಗ್ರಾಂ; ಎತ್ತರದ ಜಾಗಗಳಲ್ಲಿ ಇನ್ನೂ ಕಡಿಮೆ. ಅದಕ್ಕಿಂತ ಮೇಲೆ ಓದಿದರೆ ಮೀಟರಿನ ಕ್ಯಾಲಿಬ್ರೇಷನ್ ತಪ್ಪಿರಬೇಕು, ಇಲ್ಲವೇ ನೀರು ಅತಿಸಂತೃಪ್ತವಾಗಿರಬೇಕು.

ಸ್ಯಾಂಪಲ್

ಸಂಗ್ರಹಿಸಿದ ಆರು ಗಂಟೆಯೊಳಗೆ ಹೂಡುವುದು ಒಳ್ಳೆಯದು. ಆಗದಿದ್ದರೆ 4° ಸೆ. ಅಥವಾ ಅದಕ್ಕಿಂತ ಕೆಳಗಿಟ್ಟು 24 ಗಂಟೆಯೊಳಗೆ ಮುಗಿಸಿ. ಫ್ರಿಜ್ಜಿನಿಂದ ತೆಗೆದದ್ದನ್ನು 20°ಗೆ ತಂದು, ಅರ್ಧ ತುಂಬಿದ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ. ಪಿಎಚ್ 6.5ರಿಂದ 7.5ರೊಳಗೆ ಇಲ್ಲದಿದ್ದರೆ ತಟಸ್ಥಗೊಳಿಸಿ. ಕ್ಲೋರಿನ್ ಉಳಿದಿದ್ದರೆ ಬೇಕಾದಷ್ಟೇ ಸೋಡಿಯಂ ಸಲ್ಫೈಟ್ ಹಾಕಿ ತೆಗೆಯಿರಿ. ಸಲ್ಫೈಟ್ ಹೆಚ್ಚಾದರೆ ಅದೇ ಆಮ್ಲಜನಕ ತಿನ್ನುತ್ತದೆ. ಕ್ಲೋರಿನ್ ಕಂಡ ಸ್ಯಾಂಪಲ್ಲಿನಲ್ಲಿ ಸೂಕ್ಷ್ಮಾಣುಗಳೂ ಸತ್ತಿರುವುದರಿಂದ ಅದಕ್ಕೆ ಸೀಡ್, ಅಂದರೆ ಹೊರಗಿನಿಂದ ಜೀವಂತ ಸೂಕ್ಷ್ಮಾಣುಗಳನ್ನು, ಹಾಕಲೇಬೇಕು.

ಎಷ್ಟು ಮಿ.ಲೀ. ಹಾಕಬೇಕು

ಎಡವುವ ಇನ್ನೊಂದು ಜಾಗ ಇದು. ಐದು ದಿನದ ಕೊನೆಗೆ ಎರಡು ಷರತ್ತು ಪೂರೈಸಿದ ಬಾಟಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ: ಡಿಓ ಕನಿಷ್ಠ 2 ಮಿ.ಗ್ರಾಂ/ಲೀ. ಇಳಿದಿರಬೇಕು, ಕನಿಷ್ಠ 1 ಮಿ.ಗ್ರಾಂ/ಲೀ. ಉಳಿದಿರಬೇಕು. ಈ ಕಿಂಡಿಯೊಳಗೆ ಬೀಳಬೇಕಾದರೆ ಬಿಓಡಿಯ ಅಂದಾಜು ಮೊದಲೇ ಬೇಕು. ಅದಕ್ಕೆ ಸಿಓಡಿ (ಸೂಕ್ಷ್ಮಾಣುಗಳ ಬದಲು ರಾಸಾಯನಿಕದಿಂದ ಅಳೆಯುವ ಆಮ್ಲಜನಕ ಬೇಡಿಕೆ) ಮಾಡಿ. 150° ಸೆ.ನಲ್ಲಿ ಎರಡು ಗಂಟೆಯ ಡೈಜೆಷನ್, ಅದೇ ದಿನ ಉತ್ತರ. ಸಂಸ್ಕರಿಸದ ಮನೆಬಳಕೆಯ ಕೊಳಚೆಗೆ ಬಿಓಡಿ ಸಿಓಡಿಯ ಅರ್ಧದಷ್ಟು ಎಂದು ಹೊರಟರೆ ಸಾಕು. ಜೈವಿಕ ಸಂಸ್ಕರಣೆ ಮುಗಿಸಿ ಬಂದ ನೀರಿಗೆ ಈ ಪಾಲು ಬಹಳ ಕಡಿಮೆ, ಹತ್ತರಲ್ಲೊಂದರಿಂದ ಮೂರರವರೆಗೆ.

300 ಮಿ.ಲೀ. ಬಾಟಲಿಗೆ ಲೆಕ್ಕ ಸುಲಭ. 1200ನ್ನು ಅಂದಾಜು ಬಿಓಡಿಯಿಂದ ಭಾಗಿಸಿ, ಬರುವಷ್ಟು ಮಿ.ಲೀ. ಸ್ಯಾಂಪಲ್ ಹಾಕಿದರೆ ಡಿಓ ಸುಮಾರು 4 ಇಳಿಯುತ್ತದೆ. ಅಂದಾಜು 200 ಆದರೆ 6 ಮಿ.ಲೀ. ಅದರ ಅರ್ಧ 3, ಮತ್ತು ಮೇಲೆ 10 ಮಿ.ಲೀ., ಹೀಗೆ ಮೂರು ಬೆರಕೆ ಹೂಡಿ, ಪ್ರತಿಯೊಂದಕ್ಕೂ ಜೋಡಿ ಬಾಟಲಿ. ಒಂದೇ ಬೆರಕೆಯ ಮೇಲೆ ಭರವಸೆಯಿಟ್ಟು ಕೂರುವುದು ಜೂಜು. ಲೆಕ್ಕ 3 ಮಿ.ಲೀ.ಗಿಂತ ಕೆಳಗಿಳಿದರೆ ನೇರ ಪಿಪೆಟ್ ಮಾಡದೆ, ಮೊದಲು ಫ್ಲಾಸ್ಕಿನಲ್ಲಿ ಹತ್ತುಪಟ್ಟು ತೆಳುಮಾಡಿ ಅದರಿಂದ ತೆಗೆದುಕೊಳ್ಳಿ. ಸ್ಯಾಂಪಲ್ಲಿನಲ್ಲಿ ಕಣಗಳಿದ್ದರೆ ಅಗಲ ತುದಿಯ ಪಿಪೆಟ್ ಬೇಕು, ಪ್ರತಿ ಸಲ ಕುಲುಕಿಯೇ ಹೀರಬೇಕು. ಕಿರಿದಾದ ತುದಿ ಘನವನ್ನು ಸೋಸಿ ಬಿಟ್ಟುಬಿಡುತ್ತದೆ.

ಸೀಡ್, ಬ್ಲ್ಯಾಂಕ್, ಜಿಜಿಎ

ಮನೆಬಳಕೆಯ ಹಸಿ ಕೊಳಚೆಗೆ ಸೀಡ್ ಬೇಡ. ಕಾರ್ಖಾನೆಯ ನೀರು, ಬಿಸಿ ಹಾಯ್ದದ್ದು, ಕ್ಲೋರಿನ್ ಕಂಡದ್ದು, ತೀರಾ ಆಮ್ಲೀಯ ಅಥವಾ ಕ್ಷಾರೀಯವಾಗಿದ್ದದ್ದು, ಇವಕ್ಕೆ ಬೇಕು. ಕೊಳಚೆಯನ್ನು ತಂಗಲು ಬಿಟ್ಟು ಮೇಲಿನ ತಿಳಿ ತೆಗೆದುಕೊಂಡರೆ ಆಯಿತು. ಒಂದು ಬಾಟಲಿಗೆ ಹಾಕಿದ ಸೀಡ್ ತಾನಾಗಿ 0.6ರಿಂದ 1.0 ಮಿ.ಗ್ರಾಂ/ಲೀ. ಡಿಓ ತಿನ್ನುವಷ್ಟಿರಬೇಕು. ಇದು ಗೊತ್ತಾಗಬೇಕಾದರೆ ಸೀಡ್ ಮಾತ್ರ ಹಾಕಿದ ಬಾಟಲಿಗಳೂ ಬೇಕು.

ಒಂದು ಲೆಕ್ಕ ನೋಡಿ. 10 ಮಿ.ಲೀ. ಸೀಡ್ ಹಾಕಿದ ಬಾಟಲಿಯಲ್ಲಿ ಡಿಓ 8.8ರಿಂದ 4.8ಕ್ಕಿಳಿಯಿತು ಎನ್ನಿ: ಮಿ.ಲೀ.ಗೆ 0.4. ಸ್ಯಾಂಪಲ್ ಬಾಟಲಿಗಳಿಗೆ ತಲಾ 2 ಮಿ.ಲೀ. ಸೀಡ್ ಹಾಕಿದ್ದರೆ ತಿದ್ದುಪಡಿ 0.8. ಆರು ಮಿ.ಲೀ. ಸ್ಯಾಂಪಲ್ ಇರುವ ಬಾಟಲಿ 8.8ರಿಂದ 3.6ಕ್ಕಿಳಿದರೆ ಇಳಿಕೆ 5.2, ಅದರಿಂದ 0.8 ಕಳೆದು 4.4, 300ನ್ನು 6ರಿಂದ ಭಾಗಿಸಿದ 50ರಿಂದ ಗುಣಿಸಿದರೆ ಬಿಓಡಿ 220. ಮೂರು ಮಿ.ಲೀ.ನದ್ದು 5.8ರಲ್ಲಿ ನಿಂತರೆ ಅದೂ 220 ಕೊಡುತ್ತದೆ. ಹತ್ತು ಮಿ.ಲೀ.ನದ್ದು 0.7ಕ್ಕಿಳಿದಿದ್ದರೆ ಉತ್ತರ ಹತ್ತಿರ ಬಂದರೂ ಅದನ್ನು ಸರಾಸರಿಗೆ ಸೇರಿಸಬೇಡಿ.

ಬ್ಲ್ಯಾಂಕ್ ಎಂದರೆ ಬರೀ ಬೆರಕೆ ನೀರಿನ ಬಾಟಲಿ. ಐದು ದಿನದಲ್ಲಿ ಇಳಿಕೆ 0.2 ಮಿ.ಗ್ರಾಂ/ಲೀ. ಮೀರಬಾರದು. ಮೀರಿದ್ದರೆ ಆ ಸುತ್ತಿನ ಎಲ್ಲ ಅಂಕಿಯೂ ಅನುಮಾನದ್ದೇ. ಬ್ಲ್ಯಾಂಕನ್ನು ಕಳೆದು ಸರಿದೂಗಿಸುವ ರೂಢಿ ಕೆಲವೆಡೆ ಇದೆ, ಅದು ತಪ್ಪು. ಬ್ಲ್ಯಾಂಕ್ ಇರುವುದು ನೀರು ಪಾಸೋ ಫೇಲೋ ಎಂದು ಹೇಳಲು ಮಾತ್ರ.

ಜಿಜಿಎ ಎಂದರೆ ಗ್ಲೂಕೋಸ್ ಮತ್ತು ಗ್ಲುಟಾಮಿಕ್ ಆಮ್ಲ; ಇಡೀ ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡಲು ಹೂಡುವ, ಬಿಓಡಿ ಮೊದಲೇ ಗೊತ್ತಿರುವ ದ್ರಾವಣ. ಎರಡನ್ನೂ 103° ಸೆ.ನಲ್ಲಿ ಒಂದು ಗಂಟೆ ಒಣಗಿಸಿ, ತಲಾ 150 ಮಿ.ಗ್ರಾಂ ತೂಗಿ ಒಂದು ಲೀಟರ್ ಮಾಡಿ. ಅಂದೇ ಮಾಡಿ ಅಂದೇ ಬಳಸುವುದು ಕ್ಷೇಮ. ಬಾಟಲಿಗೆ 6 ಮಿ.ಲೀ. ಮತ್ತು ಸೀಡ್ ಹಾಕಿ ಮೂರು ಬಾಟಲಿ ಹೂಡಿ. ಸರಾಸರಿ 198ಕ್ಕೆ 30.5 ಹೆಚ್ಚುಕಡಿಮೆ, ಅಂದರೆ 167.5ರಿಂದ 228.5ರೊಳಗೆ ಬರಬೇಕು. ಕಡಿಮೆ ಬಂದರೆ ಸೀಡ್ ಸೊರಗಿದೆ, ದ್ರಾವಣ ಹಳತಾಗಿದೆ ಅಥವಾ ನೀರಿನಲ್ಲಿ ವಿಷಾಂಶವಿದೆ. ಹೆಚ್ಚು ಬಂದರೆ ನೀರು ಮಲಿನವಾಗಿದೆ ಅಥವಾ ಬಾಟಲಿಯಲ್ಲಿ ನೈಟ್ರಿಫಿಕೇಷನ್ (ಸೂಕ್ಷ್ಮಾಣುಗಳು ಆಮ್ಲಜನಕ ಬಳಸಿ ಅಮೋನಿಯಾವನ್ನು ನೈಟ್ರೇಟ್ ಮಾಡುವುದು) ನಡೆದಿದೆ. ಕಪಾಟಿನ ಜಾಗ ಸಾಲದೆಂದು ವಿದ್ಯಾರ್ಥಿಗಳು ಮೊದಲು ಕೈಬಿಡುವುದು ಇದನ್ನೇ. ಪರೀಕ್ಷಕರು ಮೊದಲು ಕೇಳುವುದೂ ಇದನ್ನೇ.

ಒಂದು ಸ್ಯಾಂಪಲ್ಲಿಗೆ ಹೀಗೆ ಆರು ಬಾಟಲಿ, ಬ್ಲ್ಯಾಂಕ್ ಎರಡು, ಜಿಜಿಎ ಮೂರು, ಸೀಡ್ ಮೂರು: ಒಟ್ಟು 14. ತೊಳೆಯುವುದು, ಸೈಫನ್ ಉಕ್ಕಿಸುವುದು ಎಲ್ಲ ಸೇರಿ 6 ಲೀಟರ್ ನೀರು ಇಟ್ಟುಕೊಳ್ಳಿ. ಇದು ಡಿಓ ಮೀಟರ್ ಇದ್ದರೆ. ರಾಸಾಯನಿಕ ಹಾಕಿ ಟೈಟ್ರೇಟ್ ಮಾಡಿ ಡಿಓ ಅಳೆಯುವ ವಿಂಕ್ಲರ್ ವಿಧಾನವಾದರೆ ಅಳೆದ ಬಾಟಲಿ ಅಲ್ಲಿಗೇ ಮುಗಿಯುವುದರಿಂದ ಮೊದಲ ದಿನದ ಓದಿಗೆ ಬೇರೆ ಬಾಟಲಿಗಳು ಬೇಕಾಗುತ್ತವೆ.

ತುಂಬಿಸುವುದು ಮತ್ತು ಓದುವುದು

ಸ್ಯಾಂಪಲ್ ಹಾಕಿದ ಬಾಟಲಿಗೆ ಬೆರಕೆ ನೀರನ್ನು ಸೈಫನ್ ಕೊಳವೆಯಿಂದ ತಳಕ್ಕೆ ಮುಟ್ಟಿಸಿ ನಿಧಾನ ತುಂಬಿ. ಮೇಲಿಂದ ಸುರಿದರೆ ಗಾಳಿ ಸೇರುತ್ತದೆ. ಅರ್ಧ ಗಂಟೆಯೊಳಗೆ ಮೊದಲ ಡಿಓ ಓದಿ, ಪ್ರೋಬ್ ತೆಗೆದ ಜಾಗಕ್ಕೆ ಅದೇ ನೀರನ್ನು ತುಂಬಿ, ಬಿರಡೆಯನ್ನು ಓರೆಯಾಗಿ ಇಳಿಸಿ ಗುಳ್ಳೆ ಇಲ್ಲದಂತೆ ಮುಚ್ಚಿ. ಬಾಟಲಿಯ ಬಾಯಿಯ ಸುತ್ತ ನೀರು ನಿಲ್ಲಿಸಿ, ಅದು ಐದು ದಿನದಲ್ಲಿ ಆರದಂತೆ ಮೇಲೊಂದು ಪ್ಲಾಸ್ಟಿಕ್ ಟೋಪಿ ಹಾಕಿ. ಬಾಟಲಿ ಸಂಖ್ಯೆ, ಮಿ.ಲೀ., ಸಮಯ, ಮೊದಲ ಡಿಓ ನೇರ ಲ್ಯಾಬ್ ಪುಸ್ತಕಕ್ಕೆ ಹೋಗಲಿ. ಗಾಜಿನ ಮೇಲೆ ಮಾರ್ಕರಿನಲ್ಲಿ ಬರೆದದ್ದು ತೇವಕ್ಕೆ ಅಳಿಸುತ್ತದೆ.

ಇನ್‌ಕ್ಯುಬೇಟರ್ 20° ಸೆ., ಒಂದು ಡಿಗ್ರಿ ಹೆಚ್ಚುಕಡಿಮೆ, ಪೂರ್ತಿ ಕತ್ತಲೆ. ಬೆಳಕು ಬಿದ್ದರೆ ಪಾಚಿ ಆಮ್ಲಜನಕ ಉತ್ಪಾದಿಸಿ ಬಿಓಡಿಯನ್ನು ತಗ್ಗಿಸಿ ತೋರಿಸುತ್ತದೆ. ಹೊರಗಿನ ಡಿಸ್‌ಪ್ಲೇ ನಂಬಬೇಡಿ. ನೀರು ತುಂಬಿದ ಬೀಕರಿನಲ್ಲಿ ಥರ್ಮಾಮೀಟರ್ ಇಟ್ಟು ದಿನಕ್ಕೊಮ್ಮೆ ನೋಡಿ. ಒಂದು ಡಿಗ್ರಿ ಏರಿದರೆ ದರ ಸ್ಥಿರಾಂಕ ಶೇ. 5ರ ಹತ್ತಿರ ಏರುತ್ತದೆ.

ವಿಂಕ್ಲರ್ ಮಾಡುವವರು 1 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, 1 ಮಿ.ಲೀ. ಆಲ್ಕಲಿ-ಅಯೋಡೈಡ್-ಅಜೈಡ್ ಹಾಕಿ ತಿರುಗಿಸಿ ಬೆರೆಸಿ. ಗಷ್ಟು ಕಂದಾದರೆ ಆಮ್ಲಜನಕವಿದೆ, ಬೆಳ್ಳಗೇ ಉಳಿದರೆ ಇಲ್ಲ. ಗಷ್ಟು ಕೆಳಗಿಳಿದ ಮೇಲೆ 1 ಮಿ.ಲೀ. ತೀವ್ರ ಗಂಧಕಾಮ್ಲ. 201 ಮಿ.ಲೀ. ಅಳೆದು 0.025 ಮೋಲಾರ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ ಬ್ಯುರೆಟ್ಟಿನ 1 ಮಿ.ಲೀ. ಎಂದರೆ 1 ಮಿ.ಗ್ರಾಂ/ಲೀ. ಡಿಓ. 200ರ ಬದಲು 201 ಏಕೆಂದರೆ, ಮೊದಲೆರಡು ದ್ರಾವಣಗಳು ಬಾಟಲಿಯಿಂದ 2 ಮಿ.ಲೀ. ನೀರನ್ನು ಹೊರದೂಡಿರುತ್ತವೆ. ಅಜೈಡ್ ವಿಷ, ಅದರ ದ್ರಾವಣಕ್ಕೆ ನೇರ ಆಮ್ಲ ತಾಕಿಸಬೇಡಿ, ಸಿಂಕಿಗೂ ಸುರಿಯಬೇಡಿ. ಪಾದರಸ, ಬೆಳ್ಳಿ, ಕ್ರೋಮಿಯಂ ಇರುವ ಸಿಓಡಿ ತ್ಯಾಜ್ಯಕ್ಕೂ ಬೇರೆ ಡಬ್ಬಿ ಇರಲಿ.

ಅಂಕಿ ವಿಚಿತ್ರವಾಗಿ ಬಂದಾಗ

ಹೆಚ್ಚು ತೆಳುಮಾಡಿದ ಬಾಟಲಿಯಲ್ಲಿ ಬಿಓಡಿ ಹೆಚ್ಚು, ಗಟ್ಟಿ ಬೆರಕೆಯಲ್ಲಿ ಕಡಿಮೆ, ಹೀಗೆ ಮೆಟ್ಟಿಲಾಗಿ ಬಂದರೆ ಸ್ಯಾಂಪಲ್ಲಿನಲ್ಲಿ ವಿಷಾಂಶ ಇದೆ ಎಂದರ್ಥ. ಸರಾಸರಿ ತೆಗೆಯುವುದು ಅಲ್ಲಿ ಮೋಸ. ಇನ್ನೂ ತೆಳುಮಾಡಿ ಮತ್ತೆ ಹೂಡಿ, ಅಂಕಿ ಏರುವುದು ಎಲ್ಲಿ ನಿಲ್ಲುತ್ತದೆ ನೋಡಿ.

ಸಂಸ್ಕರಿಸಿದ ನೀರಿನಲ್ಲಿ ಇನ್ನೊಂದು ಬಲೆ ಇದೆ. ಜೈವಿಕ ಘಟಕದಿಂದ ಬಂದ ನೀರಿನಲ್ಲಿ ನೈಟ್ರಿಫೈ ಮಾಡುವ ಸೂಕ್ಷ್ಮಾಣುಗಳು ಆಗಲೇ ಇರುತ್ತವೆ. ಅವು ಅಮೋನಿಯಾಕ್ಕೆ ಆಮ್ಲಜನಕ ಖರ್ಚು ಮಾಡುತ್ತವೆ. ಒಳಬರುವ ನೀರಿನ ಬಿಓಡಿ 220, ಹೊರಹೋಗುವ ನೀರಿನದು 30 ಎಂದಿಟ್ಟುಕೊಳ್ಳಿ, ದಕ್ಷತೆ ಶೇ. 86. ಆ 30ರಲ್ಲಿ 18 ಅಮೋನಿಯಾದ್ದೇ ಆಗಿದ್ದರೆ ಸಾವಯವ ಬಿಓಡಿ 12, ದಕ್ಷತೆ ಶೇ. 95ರ ಹತ್ತಿರ. ರಿಯಾಕ್ಟರ್ ಚೆನ್ನಾಗಿ ನಡೆದಷ್ಟೂ ಅಂಕಿ ಕೆಟ್ಟದಾಗಿ ಕಾಣುವ ಅನ್ಯಾಯ ಇದು. ಬಾಟಲಿ ಮೂರರಲ್ಲೆರಡು ಪಾಲು ತುಂಬಿದ ಮೇಲೆ ನೈಟ್ರಿಫಿಕೇಷನ್ ತಡೆಯುವ ಟಿಸಿಎಂಪಿ ಎಂಬ ಇನ್ಹಿಬಿಟರನ್ನು ಲೀಟರಿಗೆ 10 ಮಿ.ಗ್ರಾಂ ಲೆಕ್ಕದಲ್ಲಿ, ಅಂದರೆ ಬಾಟಲಿಗೆ 3 ಮಿ.ಗ್ರಾಂ, ಹಾಕಿ. ಬರೆಯುವಾಗ ಸಿಬಿಓಡಿ (ಅಮೋನಿಯಾದ ಪಾಲು ಬಿಟ್ಟ ಸಾವಯವ ಬಿಓಡಿ) ಎಂದೇ ಬರೆಯಿರಿ, ಒಳಬರುವ ನೀರಿಗೂ ಅದನ್ನೇ ಬಳಸಿ.

ವರದಿಯಲ್ಲಿ

ಷರತ್ತು ದಾಟಿದ ಬಾಟಲಿಗಳ ಸರಾಸರಿ ಕೊಡಿ. ಎಷ್ಟು ಹೂಡಿದಿರಿ, ಎಷ್ಟು ಉಳಿದವು ಎಂಬುದೂ ಕೋಷ್ಟಕದಲ್ಲಿರಲಿ. ಅದೇ ಸುತ್ತಿನ ಬ್ಲ್ಯಾಂಕ್ ಮತ್ತು ಜಿಜಿಎ ಅಂಕಿ ಪಕ್ಕದಲ್ಲೇ ಬರಲಿ. 218.37 ಎಂದು ದಶಮಾಂಶ ಬೆಳೆಸಬೇಡಿ, 220 ಸಾಕು. ಈ ಪರೀಕ್ಷೆಗೆ ಅದಕ್ಕಿಂತ ಹೆಚ್ಚಿನ ನಿಖರತೆ ಇಲ್ಲ. ಎಲ್ಲ ಬಾಟಲಿಗಳಲ್ಲೂ ಡಿಓ 1ಕ್ಕಿಂತ ಕೆಳಗೆ ಹೋಗಿದ್ದರೆ ಅತಿ ತೆಳು ಬೆರಕೆಯದನ್ನು ಲೆಕ್ಕ ಮಾಡಿ, "ಇಷ್ಟಕ್ಕಿಂತ ಹೆಚ್ಚು" ಎಂದು ಬರೆದು, ಬರುವ ಬುಧವಾರಕ್ಕೆ ಹೊಸ ಸ್ಯಾಂಪಲ್ ತಂದು ಸಣ್ಣ ಪ್ರಮಾಣದಿಂದ ಮತ್ತೆ ಹೂಡಿ.