ಬಿಸಿ ಪ್ಲೇಟ್‌ನ ಅಲ್ಟ್ರಾಸಾನಿಕ್ ಪರೀಕ್ಷೆ: ನಾನು ಮಾಡುವ ರೀತಿ

ದಪ್ಪ ಉಕ್ಕಿನ ಪ್ಲೇಟ್ ತಣ್ಣಗಾಗಲು ಬಹಳ ಹೊತ್ತು ಬೇಕು. ಆಮೇಲೆ ಪರೀಕ್ಷೆ ಮಾಡಿ ಒಳಗೆ ಲ್ಯಾಮಿನೇಶನ್ (ಪದರ ಬಿಟ್ಟುಕೊಂಡ ದೋಷ) ಇದೆ ಅಂತ ಗೊತ್ತಾದರೆ ಏನು ಪ್ರಯೋಜನ? ಅಷ್ಟರಲ್ಲಿ ಅದೇ ದೋಷದ ಪ್ಲೇಟ್‌ಗಳು ಸಾಲುಸಾಲಾಗಿ ಹೊರಬಂದಿರುತ್ತವೆ. ಅದಕ್ಕೇ ರೋಲಿಂಗ್ ಮುಗಿದು, ಪ್ಲೇಟ್ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುವಾಗಲೇ ನೋಡಲು ಶುರು ಮಾಡಿದೆವು.

ಶಬ್ದದ ಅಲೆ ಕಳಿಸಿ ಒಳಗಿನಿಂದ ಬರುವ ಎಕೋ ಹಿಡಿಯುವ ಮಾಮೂಲಿ ಪ್ರೋಬ್ ಇಲ್ಲಿ ನಡೆಯುವುದಿಲ್ಲ. ಅದರ ಪಿಜೆಡ್‌ಟಿ ಬಿಲ್ಲೆ (ಕಂಪನ ಹುಟ್ಟಿಸುವ ಸೆರಾಮಿಕ್) ಸುಮಾರು 350 ಡಿಗ್ರಿಗೆ ಕೆಲಸಕ್ಕೆ ಬಾರದಂತಾಗುತ್ತದೆ. ಒಳಗಿನ ಅಂಟು ಅದಕ್ಕೂ ಮೊದಲೇ ಕೈಕೊಡುತ್ತದೆ. ಶಬ್ದ ದಾಟಿಸಲು ಪ್ರೋಬ್ ಕೆಳಗೆ ನೀರು ಹಾಕಿದರೆ, ಅದು ಕಾದ ಹೆಂಚಿನ ಮೇಲಿನ ಹನಿಯ ಹಾಗೆ ಕುಣಿಯುತ್ತದೆ. ಮಧ್ಯೆ ಆವಿ ಕೂತು ಶಬ್ದ ದಾಟುವುದೇ ಇಲ್ಲ. ಹೆಚ್ಚು ಬಿಸಿಗೆಂದೇ ಮಾಡಿದ ಪ್ರೋಬ್, ಪೇಸ್ಟ್ ಸಿಗುತ್ತವೆ ನಿಜ. ಆದರೆ ಕೆಲವು ಸೆಕೆಂಡು ಒತ್ತಿ, ತೆಗೆದು, ಆರಲು ಬಿಡಬೇಕು. ಓಡುವ ಪ್ಲೇಟ್ ಕಾಯುತ್ತದೆಯೇ?

ಹಾಗಾಗಿ ಇಮ್ಯಾಟ್ (ವಿದ್ಯುತ್ಕಾಂತೀಯ ಅಲ್ಟ್ರಾಸಾನಿಕ್ ಸೆನ್ಸರ್) ಹಾಕಿದೆವು. ಅದರಲ್ಲಿರುವುದು ಒಂದು ಅಯಸ್ಕಾಂತ, ಒಂದು ಕಾಯಿಲ್. ಕಂಪನ ಹುಟ್ಟುವುದು ಪ್ಲೇಟ್‌ನ ಮೈಯಲ್ಲೇ, ಆದ್ದರಿಂದ ಕಪ್ಲೆಂಟ್ (ನಡುವಿನ ನೀರು, ಪೇಸ್ಟ್) ಬೇಡ. ಅಯಸ್ಕಾಂತವೂ ಅಷ್ಟು ಬಿಸಿ ತಡೆಯದು, ಸುತ್ತ ನೀರಿನ ಕೂಲಿಂಗ್ ಇರಬೇಕು. ಸಿಗ್ನಲ್ ತುಂಬ ಸಣ್ಣದು. ಪ್ಲೇಟ್‌ಗೂ ಕಾಯಿಲ್‌ಗೂ ನಡುವೆ ಒಂದೆರಡು ಮಿಲಿಮೀಟರ್ ಜಾಸ್ತಿಯಾದರೆ ಎಕೋ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಬಿಗಿಯಾಗಿ ಅಂಟಿದ ಸ್ಕೇಲ್ (ಬಿಸಿ ಉಕ್ಕಿನ ಮೇಲಿನ ಆಕ್ಸೈಡ್ ಪದರ) ಅಷ್ಟೇನೂ ಕಾಟ ಕೊಡುವುದಿಲ್ಲ. ಎದ್ದು ನಿಂತ ಚಕ್ಕೆಗಳೇ ತೊಂದರೆ, ಅವನ್ನು ಮೊದಲು ಗಾಳಿಯಿಂದ ಊದಿಸುತ್ತೇವೆ.

ನಿಜವಾದ ತಲೆನೋವು ಬೇರೆ. ಉಕ್ಕು ಬಿಸಿಯಾದಷ್ಟೂ ಅದರೊಳಗೆ ಶಬ್ದ ನಿಧಾನವಾಗುತ್ತದೆ. ಪ್ರತಿ 55 ಡಿಗ್ರಿಗೆ ಸುಮಾರು ಶೇ. 1 ಎಂಬುದು ಈ ಕೆಲಸದವರ ಅಂದಾಜು ಲೆಕ್ಕ. ನಾವು ಬಳಸುವ ಶಿಯರ್ ಅಲೆಗೆ (ಅಡ್ಡಡ್ಡ ಕಂಪಿಸುವ ಅಲೆ) ಇನ್ನೂ ಸ್ವಲ್ಪ ಜಾಸ್ತಿಯೇ. ತಣ್ಣನೆಯ ಬ್ಲಾಕ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿದ ಮೀಟರ್, 400 ಡಿಗ್ರಿಯ 50 ಮಿ.ಮೀ. ಪ್ಲೇಟನ್ನು 53ಕ್ಕಿಂತ ಹೆಚ್ಚು ಅನ್ನುತ್ತದೆ. ತಾಪಮಾನ ಅಳೆದು ತಿದ್ದಿದರಾಯಿತು, ಅಲ್ವಾ? ಆಗುವುದಿಲ್ಲ. ಮುಟ್ಟದೆ ತಾಪಮಾನ ಅಳೆಯುವ ಪೈರೋಮೀಟರ್‌ಗೆ ಕಾಣುವುದು ಮೇಲ್ಮೈ, ಅದೂ ಸ್ಕೇಲ್‌ನ ಮೇಲ್ಮೈ. ಪ್ಲೇಟ್‌ನ ಹೊಟ್ಟೆ ಅದಕ್ಕಿಂತ ಬಿಸಿ ಇರುತ್ತದೆ.

ಅದಕ್ಕೆ ನಾನು ವೇಗದ ಗೋಜಿಗೇ ಹೋಗುವುದಿಲ್ಲ. ತಳದ ಎಕೋ ಬರಲು ಎಷ್ಟು ಹೊತ್ತು, ದೋಷದ ಎಕೋ ಬರಲು ಎಷ್ಟು ಹೊತ್ತು, ಇವೆರಡರ ಅನುಪಾತ ಮಾತ್ರ ನೋಡುತ್ತೇನೆ. ಮೇಲೂ ಕೆಳಗೂ ಸಮನಾಗಿ ಆರುತ್ತಿದ್ದರೆ, ನಟ್ಟನಡುವಿನ ದೋಷ ಎಷ್ಟೇ ಬಿಸಿಯಲ್ಲೂ ಸರಿಯಾಗಿ ಅರ್ಧ ಹೊತ್ತಿಗೇ ಕಾಣುತ್ತದೆ. ನಾನು ಹುಡುಕುವುದೂ ಅದನ್ನೇ. ಸ್ಲ್ಯಾಬ್ (ಪ್ಲೇಟ್ ಆಗುವ ಮುಂಚಿನ ದಪ್ಪ ಉಕ್ಕಿನ ತುಂಡು) ಎರಕದಲ್ಲಿ ಕೊನೆಗೆ ಗಟ್ಟಿಯಾಗುವುದು ನಡುಭಾಗ, ಕಲ್ಮಶ ಸೇರುವುದೂ ಅಲ್ಲೇ. ರೋಲರ್‌ಗಳ ಕಡೆಯ ಮೈ ಬೇರೆ ಥರ ಆರುವುದರಿಂದ ಅನುಪಾತ ಕೊಂಚ ಆಚೀಚೆ ಆಗುತ್ತದೆ. ಅದಕ್ಕೊಂದು ಸಣ್ಣ ಅಂತರ ಬಿಟ್ಟುಕೊಂಡಿದ್ದೇನೆ.

ತಳದ ಎಕೋ ಪೂರ್ತಿ ಮಾಯವಾದರೂ ಎಚ್ಚರ. ದೊಡ್ಡ ಲ್ಯಾಮಿನೇಶನ್ ಇರಬಹುದು, ಸುಮ್ನೆ ಸೆನ್ಸರ್ ಎದ್ದಿರಲೂಬಹುದು. ಲಿಫ್ಟ್-ಆಫ್ (ಸೆನ್ಸರ್, ಪ್ಲೇಟ್ ನಡುವಿನ ಅಂತರ) ರೀಡಿಂಗ್ ಪಕ್ಕದಲ್ಲಿ ಇಟ್ಟುಕೊಳ್ಳದೆ ತೀರ್ಮಾನ ಮಾಡುವುದಿಲ್ಲ.

ಪಾಸೋ ಫೇಲೋ ಎನ್ನುವುದು ತಣ್ಣಗಾದ ಮೇಲಿನ ಪರೀಕ್ಷೆಯದೇ ಕೆಲಸ. ಬಿಸಿಯಲ್ಲಿ ನಡುಗೆರೆಯ ಉದ್ದಕ್ಕೂ ಎಕೋ ಕಂಡರೆ, ಅದೇ ಹೀಟ್‌ನ (ಒಂದೇ ಸಲ ಕರಗಿಸಿದ ಉಕ್ಕಿನ) ಉಳಿದ ಸ್ಲ್ಯಾಬ್‌ಗಳನ್ನು ಫರ್ನೇಸ್‌ಗೆ ಹಾಕದೆ ಬದಿಗಿಡಿ ಅಂತ ಹೇಳಿ ಕಳಿಸುತ್ತೇನೆ.