ಕುರಿಯ ಗೊರಸು ಕೊಳೆತಾಗ ಚೂರಿ ಬೇಡ, ತೊಟ್ಟಿ ಬೇಕು

ಚಿತ್ರದುರ್ಗದ ಕಡೆ ಕುರಿ ಕುಂಟಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮುಳ್ಳು ಚುಚ್ಚಿದೆ. ಬಹಳ ಸಲ ಅದು ನಿಜವೂ ಹೌದು. ಬಳ್ಳಾರಿ ಜಾಲಿ ಇರುವ ತನಕ ನಮ್ಮಲ್ಲಿ ಮುಳ್ಳಿಗೆ ಬರವಿಲ್ಲ. ಆದರೆ ಮಳೆ ಹಿಡಿದ ವರ್ಷದ ಕತೆಯೇ ಬೇರೆ. 1933ರ ನಂತರ ಮೊದಲ ಸಲ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಅಂಥ ವರ್ಷ ರೊಪ್ಪದ, ಅಂದರೆ ಕುರಿ ಕೂಡುವ ದೊಡ್ಡಿಯ, ನೆಲ ಒಣಗುವುದೇ ಇಲ್ಲ. ಗೊರಸು ಕೊಳೆಯುವುದು ಆಗಲೇ. ಭತ್ತದ ಕೊಯ್ಲು ಮುಗಿದ ಮೇಲೆ ದಾವಣಗೆರೆ, ಹರಿಹರದ ಗದ್ದೆಗಳಲ್ಲಿ ತರುಬಲು (ಗೊಬ್ಬರಕ್ಕಾಗಿ ತಂಗಲು) ಹೋಗುವ ಮಂದೆಗಳಿಗೆ ಮಳೆಯೂ ಬೇಕಿಲ್ಲ, ಭದ್ರಾ ನಾಲೆಯ ಹಸಿಯೇ ಸಾಕು.

ಆಗ ನಡೆಯುವುದೇನು? ಕುರಿಯನ್ನು ಕೆಡವುತ್ತಾರೆ. ರಕ್ತ ಬರುವ ತನಕ ಗೊರಸು ಕೆತ್ತುತ್ತಾರೆ. ಮೇಲೆ ಫಿನೈಲೋ, ಸೀಮೆಎಣ್ಣೆಯೋ, ಹಳೇ ಬ್ಯಾಟರಿಯ ನೀರೋ ಸುರಿಯುತ್ತಾರೆ. ಕುರಿ ಮೊದಲು ಒಂದು ಕಾಲು ಎತ್ತುತ್ತಿದ್ದದ್ದು ಆಮೇಲೆ ಮುಂಗಾಲಿನ ಮಂಡಿಯೂರಿ ಮೇಯುತ್ತದೆ. ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆ ಹೇಗೆ ಬರುತ್ತದೆ ಅಂತ ಸ್ವಲ್ಪ ತಿಳಿದಿದ್ದರೆ ಅರ್ಧ ತಪ್ಪು ತಪ್ಪುತ್ತದೆ. ಗೊರಸಿನ ಎರಡು ಬೆರಳ ನಡುವಿನ ಚರ್ಮ ಕೆಸರಲ್ಲಿ ನೆನೆದು ಮೆತ್ತಗಾಗುತ್ತದೆ. ಹಿಕ್ಕೆ, ಮಣ್ಣಿನಲ್ಲಿ ಇದ್ದೇ ಇರುವ ಫ್ಯುಸೊಬ್ಯಾಕ್ಟೀರಿಯಂ ನೆಕ್ರೊಫೋರಂ ಎಂಬ ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಳ್ಳುತ್ತದೆ. ಕುದುರೆಯ ಗೊರಸಿನ ತಳ ಕೊಳೆತು ಕಪ್ಪು ಕೀವು ಬರುವ ಕಡೆಯೂ ಸಿಗುವುದು ಇದೇ. ಇಷ್ಟಕ್ಕೇ ನಿಂತರೆ ನಾಲ್ಕು ದಿನ ಒಣ ನೆಲ ಸಿಕ್ಕರೂ ವಾಸಿಯಾದೀತು. ಆದರೆ ಡೈಕಲೋಬ್ಯಾಕ್ಟರ್ ನೋಡೋಸಸ್ ಅನ್ನುವ ಇನ್ನೊಂದು ಬಂದು ಸೇರಿದರೆ ಗೊರಸಿನ ಗಟ್ಟಿ ಚಿಪ್ಪು ಒಳಗಿನ ಜೀವವಿರುವ ಭಾಗದಿಂದ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಇದು ಕುರಿಯಿಂದ ಕುರಿಗೆ ಹರಡುವ ರೋಗ. ಈ ಎರಡನೇ ಬ್ಯಾಕ್ಟೀರಿಯಾ ನೆಲದಲ್ಲಿ ಹೆಚ್ಚೆಂದರೆ ಎರಡು ವಾರ ಬದುಕುತ್ತದೆ. ಗೊರಸಿನ ಬಿರುಕಿನಲ್ಲಾದರೆ ತಿಂಗಳುಗಟ್ಟಲೆ. ಮತ್ತೆ ಎರಡಕ್ಕೂ ಗಾಳಿ ಆಗುವುದಿಲ್ಲ. ಈ ಮಾತು ನೆನಪಿರಲಿ.

ಮೊದಲ ಕೆಲಸ, ಕಾಲು ನೋಡುವುದು

ಕುರಿಯನ್ನು ಹಿಂಬದಿಯ ಮೇಲೆ ಕೂರಿಸಿ, ಅದರ ಬೆನ್ನು ನಿಮ್ಮ ಮಂಡಿಗೆ ಒರಗಲಿ. ಹೀಗೆ ಕೂತರೆ ಎಂಥ ತುಂಟ ಟಗರೂ ಒದೆಯುವುದಿಲ್ಲ. ಗೊರಸು ತೊಳೆದು, ಎರಡು ಬೆರಳು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಮುಳ್ಳಿದ್ದರೆ ಕಿತ್ತು ಅಯೋಡಿನ್ ಹಚ್ಚಿದರೆ ಮುಗಿಯಿತು. ಸಂದಿನಲ್ಲಿ ಚರ್ಮ ಕೆಂಪಾಗಿ ಬೂದು ಬಣ್ಣದ ಲೋಳೆ ಕೂತಿದ್ದರೆ, ಚಿಪ್ಪಿನ ಒಳಅಂಚು ಎದ್ದಿದ್ದರೆ ಮೂಗು ಹತ್ತಿರ ಒಯ್ಯಿರಿ. ಸೋಪು ಹಾಕಿ ತೊಳೆದರೂ ಸಂಜೆ ತನಕ ಕೈ ಬಿಡದ ಒಂದು ನಾತ ಇದೆ. ಅದು ಬಂದರೆ ಅನುಮಾನವೇ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಕಾಲಿನ ಮುಂಭಾಗದಲ್ಲಿ, ಎರಡು ಬೆರಳು ಕೂಡುವ ಜಾಗದಿಂದ ಸ್ವಲ್ಪ ಮೇಲೆ ಸಣ್ಣ ತೂತು ಕಾಣುತ್ತದೆ. ಒತ್ತಿದರೆ ಮೇಣದಂಥ ಜಿಡ್ಡು ಬರುತ್ತದೆ, ಜೊತೆಗೆ ಒಂದೆರಡು ಕೂದಲು. ಅದು ಕೀವಲ್ಲ, ಹುಳದ ಗೂಡೂ ಅಲ್ಲ. ಎಲ್ಲ ಕುರಿಗೂ ಹುಟ್ಟಿನಿಂದ ಇರುವ ಗ್ರಂಥಿ. ಹುಳದ ಗಂಟು ಅಂದುಕೊಂಡು ಅದನ್ನೇ ಬಗೆದು ತೆಗೆದವರನ್ನು ನೋಡಿದ್ದೇನೆ. ದಯವಿಟ್ಟು ಮುಟ್ಟಬೇಡಿ.

ಒಂದೇ ದಿನ ಹತ್ತಾರು ಕುರಿ ಕುಂಟಿದರೆ, ಜ್ವರ, ಬಾಯಲ್ಲಿ ಹುಣ್ಣು, ಜೊಲ್ಲು, ಮುಖದ ಊತ ಇದ್ದರೆ ಇದು ಕೊಳೆ ರೋಗವಲ್ಲ. ಕಾಲುಬಾಯಿ ಜ್ವರವೋ ನೀಲಿ ನಾಲಿಗೆಯೋ ಇರಬಹುದು. ಈ ಲೇಖನ ಬದಿಗಿಟ್ಟು ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.

ಕುಂಟುವ ಕುರಿಗಳನ್ನು ಅವತ್ತೇ ಬೇರೆ ಕಟ್ಟಿ. ನಾಳೆ ಅನ್ನಬೇಡಿ.

ಚೂರಿಯ ವಿಚಾರ

ಹಿಂದಿನವರು ಕೊಳೆತದ್ದನ್ನೆಲ್ಲ ಕೆತ್ತಿ ಗಾಳಿ ಆಡಿಸಬೇಕು ಅನ್ನುತ್ತಿದ್ದರು. ಡಾಕ್ಟರೂ ಹಾಗೇ ಹೇಳುತ್ತಿದ್ದ ಕಾಲವಿತ್ತು. ಈಗ ಕುರಿ ಸಾಕುವ ದೇಶಗಳಲ್ಲಿ ಅದು ತಪ್ಪು ಅಂತ ಗೊತ್ತಾಗಿದೆ. ಕೆತ್ತದೆ ಬರೀ ಚುಚ್ಚುಮದ್ದು, ಸ್ಪ್ರೇ ಕೊಟ್ಟ ಕುರಿಗಳು ಕೆತ್ತಿಸಿಕೊಂಡ ಕುರಿಗಳಿಗಿಂತ ಬೇಗ ಚೇತರಿಸಿಕೊಂಡಿವೆ. ರಕ್ತ ಬರುವಂತೆ ಕೊಯ್ದರೆ ಗಾಯ ಹೊಸದು, ನೋವು ಹೊಸದು, ಅದೇ ಚೂರಿಯಿಂದ ಮುಂದಿನ ಕುರಿಗೆ ರೋಗವೂ ಹೊಸದು. ಮಳೆಗಾಲದಲ್ಲಿ ಆ ಗಾಯಕ್ಕೆ ನೊಣ ಕೂತು ಹುಳ ಬಿದ್ದರಂತೂ ದೇವರೇ ಗತಿ. ಕಾಯಿಲೆ ಇರುವಾಗ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಸಂದಿನ ಕೊಳೆ ತೆಗೆಯಿರಿ, ಅಷ್ಟೇ. ಉದ್ದ ಬೆಳೆದು ಮಡಚಿಕೊಂಡ ಚಿಪ್ಪನ್ನು ಕಾಲು ಪೂರ್ತಿ ವಾಸಿಯಾದ ಮೇಲೆ ಸವರಿದರಾಯಿತು.

ತೊಟ್ಟಿ

ಎಲ್ಲರೂ ಕೆಡಿಸುವುದು ಇಲ್ಲೇ. ಔಷಧಿಯ ನೀರಲ್ಲಿ ಕಾಲು ಅದ್ದಿಸುವುದು ಸುಲಭ ಅಂತ ಕಾಣುತ್ತದೆ, ಆದರೆ ಒಂದೊಂದು ಹೆಜ್ಜೆಗೂ ಒಂದೊಂದು ಎಡವಟ್ಟು.

ಔಷಧಿ ಯಾವುದು? ನನ್ನ ಮಟ್ಟಿಗೆ ಜಿಂಕ್ ಸಲ್ಫೇಟ್, ಬೇರೆ ಮಾತಿಲ್ಲ. ಭತ್ತದ ಗದ್ದೆಗೆ ಹಾಕುತ್ತಾರಲ್ಲ, ಅದೇ. ಗೊಬ್ಬರದ ಅಂಗಡಿಯಲ್ಲಿ ಚೀಲದ ಮೇಲೆ 21% ಎಂದಿರುವ ಹರಳು ಕೇಳಿ. ಸುಮ್ನೆ ಜಿಂಕ್ ಕೊಡಿ ಅಂದರೆ ಎಲೆಗೆ ಸಿಂಪಡಿಸುವ ಚೆಲೇಟೆಡ್ ಜಿಂಕ್‌ನ ಸಣ್ಣ ಪೊಟ್ಟಣ ಕೊಟ್ಟು ಕಳಿಸುತ್ತಾರೆ, ಅದು ಇದಕ್ಕೆ ಆಗದು. ಮೆಗ್ನೀಷಿಯಂ ಸಲ್ಫೇಟ್ ಬೆರೆಸಿದ ಕಲಬೆರಕೆ ಮಾಲೂ ಇದೆ. ಕಣ್ಣಿಗೆ ಎರಡೂ ಒಂದೇ ಥರ. ಬಿಲ್ ಕೊಡದ ಅಂಗಡಿಯ ಕಡೆ ಹೋಗಬೇಡಿ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕೂಡ ಕೆಲಸ ಮಾಡುತ್ತದೆ. ಚನ್ನಗಿರಿ ಕಡೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರ ಮನೆಯಲ್ಲಿ ಅದು ಇದ್ದೇ ಇರುತ್ತದೆ, ಹಾಗಾಗಿ ಕೈ ಅದರ ಕಡೆಗೇ ಹೋಗುತ್ತದೆ. ಆದರೆ ಕುರಿಗೆ ತಾಮ್ರ ಬೇರೆ ಜಾನುವಾರಿಗಿಂತ ಜಾಸ್ತಿ ವಿಷ. ತೊಟ್ಟಿಯ ನೀರು ಕುಡಿದರೆ, ಮೈಗೆ ಸಿಡಿದದ್ದನ್ನು ನೆಕ್ಕಿದರೆ ತಾಮ್ರ ಈಲಿಯಲ್ಲಿ ಕೂಡುತ್ತಾ ಹೋಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹಳದಿಯಾಗಿ, ಕೆಂಗಂದು ಉಚ್ಚೆ ಹೊಯ್ದು ಕುರಿ ಸಾಯುತ್ತದೆ. ಫಾರ್ಮಲಿನ್ ಬೇಡವೇ ಬೇಡ. ಹಸಿ ಗಾಯಕ್ಕೆ ಉರಿ, ನಿಮ್ಮ ಕಣ್ಣಿಗೆ, ಎದೆಗೆ ಕೆಟ್ಟದ್ದು.

ಆರಡಿ ಉದ್ದ, ಮೂರಡಿ ಅಗಲದ ಜಾಗಕ್ಕೆ ಸುತ್ತ ಇಟ್ಟಿಗೆ ಜೋಡಿಸಿ ದಪ್ಪ ಟಾರ್ಪಾಲ್ ಹಾಸಿದರೆ ತೊಟ್ಟಿ ತಯಾರು. ಎರಡೂವರೆ ಇಂಚು ನೀರು ನಿಂತರೆ ಗೊರಸು ಪೂರ್ತಿ ಮುಳುಗುತ್ತದೆ. ಅದಕ್ಕೆ ಸುಮಾರು 100 ಲೀಟರ್ ನೀರು, 10 ಕೆಜಿ ಜಿಂಕ್ ಸಲ್ಫೇಟ್ ಬೇಕು. ಅಂದರೆ 10%. ನೂರು ಲೀಟರಿಗೆ ಒಂದು ಹಿಡಿ ಹಾಕಿ 'ಔಷಧಿ ಹಿಡಿಯಲಿಲ್ಲ' ಅನ್ನುವವರೇ ಜಾಸ್ತಿ. ಮೊದಲು ಬಕೆಟ್ಟಿನ ಬೆಚ್ಚನೆ ನೀರಲ್ಲಿ ಹರಳು ಪೂರ್ತಿ ಕರಗಿಸಿ, ಆಮೇಲೆ ತೊಟ್ಟಿಗೆ ಸುರಿಯಿರಿ. ಬಟ್ಟೆ ಸೋಪಿನ ಪುಡಿ ಒಂದು ಹಿಡಿ ಬೆರೆಸಿದರೆ ನೀರು ಗೊರಸಿನೊಳಗೆ ಚೆನ್ನಾಗಿ ಇಳಿಯುತ್ತದೆ. ತಳದಲ್ಲಿ ಒಂದು ಗೋಣಿಚೀಲ ಹಾಸಿ. ಕಾಲು ಜಾರುವುದಿಲ್ಲ, ನೀರೂ ಸಿಡಿಯುವುದಿಲ್ಲ. ಎರಡೇ ಕುರಿ ಇದ್ದರೆ ಇಷ್ಟೆಲ್ಲ ಬೇಡ, ಹಳೇ ಪ್ಲಾಸ್ಟಿಕ್ ಟಬ್ ಸಾಕು.

ಮೋಡವಿಲ್ಲದ ದಿನ ನೋಡಿಕೊಳ್ಳಿ. ಕುರಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಇಲ್ಲದಿದ್ದರೆ ತೊಟ್ಟಿಗೆ ಬಾಯಿ ಹಾಕುತ್ತವೆ. ಕಾಲಿನ ಕೆಸರು ಬರೀ ನೀರಲ್ಲಿ ತೊಳೆಯಿರಿ. ಕೆಸರು ಮೆತ್ತಿದ ಕಾಲಿಟ್ಟರೆ ಔಷಧಿ ಕೆಸರಿಗೆ ತಗಲುತ್ತದೆ, ಗೊರಸಿಗಲ್ಲ. ಐದಾರು ಕುರಿಗಳನ್ನು ಒಳಗೆ ಬಿಟ್ಟು ಹದಿನೈದು ನಿಮಿಷ ನಿಲ್ಲಿಸಿ. ನಿಲ್ಲಿಸಬೇಕು, ದಾಟಿಸುವುದಲ್ಲ! ಓಡಿಸಿಕೊಂಡು ಹೋದರೆ ಕಾಲು ಒದ್ದೆಯಾದೀತು, ಅಷ್ಟೇ. ಮೊದಲು ಕುಂಟದ ಕುರಿಗಳು, ಕೊನೆಗೆ ಕುಂಟುವವು. ನೀರು ಹಿಕ್ಕೆಯಿಂದ ಗಂಜಿಯಾದರೆ ಚೆಲ್ಲಿ ಹೊಸದು ಮಾಡಿ. ಚೆಲ್ಲುವುದು ಕೆರೆಗೋ ಬಾವಿಯ ಪಕ್ಕಕ್ಕೋ ಅಲ್ಲ.

ತೊಟ್ಟಿಯಿಂದ ಹೊರಬಂದ ಕುರಿ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲೇ ಅರ್ಧ ಔಷಧಿ ಇದೆ. ಕಲ್ಲು ಹಾಸಿನ ಕಣ, ಸಿಮೆಂಟ್ ಅಂಗಳ, ಏನಿದ್ದರೂ ಸರಿ. ಒಂದು ಗಂಟೆ ಒಣ ನೆಲದಲ್ಲಿ ನಿಂತು ಕಾಲು ಆರಬೇಕು. ನೇರವಾಗಿ ಕೆಸರಿನ ರೊಪ್ಪಕ್ಕೆ ನುಗ್ಗಿಸಿದರೆ ಬೆಳಗ್ಗಿನಿಂದ ಮಾಡಿದ್ದೆಲ್ಲ ದಂಡ. ವಾರ ಬಿಟ್ಟು ಇನ್ನೊಮ್ಮೆ ಮಾಡಿ.

ಸಂತೆಯಲ್ಲಿ ಹೆಸರಿಲ್ಲದ ಬಾಟಲಿಯಲ್ಲಿ ಮಾರುವ ಕಪ್ಪು ಗೊರಸಿನ ಎಣ್ಣೆಯನ್ನು ಯಾರಾದರೂ ಹೊಗಳಿದರೆ ಕೇಳಿಸಿಕೊಂಡು ಸುಮ್ಮನಿರಿ. ಟಾರು, ಹಳೇ ಎಂಜಿನ್ ಆಯಿಲ್, ಬಿಗಿಯಾದ ಬಟ್ಟೆಪಟ್ಟಿ ಎಲ್ಲ ಒಂದೇ ಜಾತಿ. ಗಾಳಿ ಆಗದ ಬ್ಯಾಕ್ಟೀರಿಯಾಕ್ಕೆ ಮುಚ್ಚಳ ಹಾಕಿ ಕಾಪಾಡಿದ ಹಾಗೆ.

ಚಿಪ್ಪು ಬಿಟ್ಟುಕೊಂಡಿದ್ದರೆ, ಕುರಿ ಕಾಲೇ ಊರದಿದ್ದರೆ ತೊಟ್ಟಿಯೊಂದೇ ಸಾಲದು, ಚುಚ್ಚುಮದ್ದು ಬೇಕು. ಸಾಮಾನ್ಯವಾಗಿ ನಿಧಾನಕ್ಕೆ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಕೊಡುತ್ತಾರೆ. ಎಷ್ಟು ಅನ್ನುವುದು ತೂಕದ ಮೇಲೆ, ಅದನ್ನು ಡಾಕ್ಟರೇ ಹೇಳಲಿ. ಪಕ್ಕದ ಹಟ್ಟಿಯಲ್ಲಿ ಉಳಿದ ಅರ್ಧ ಬಾಟಲಿ ತಂದು ಅಂದಾಜಿಗೆ ಚುಚ್ಚಬೇಡಿ. ಬಾಟಲಿಯ ಮೇಲೆ ಬರೆದ ಅವಧಿ ಮುಗಿಯುವ ತನಕ ಆ ಕುರಿಯ ಮಾಂಸವನ್ನೂ ಹಾಲನ್ನೂ ಬಳಸುವಂತಿಲ್ಲ.

ಮತ್ತೆ ಬರದಂತೆ

ರೊಪ್ಪ ಎತ್ತರದ ಜಾಗದಲ್ಲಿರಲಿ, ಗರಸು ಹಾಕಿ ಇಳಿಜಾರು ಮಾಡಿ, ಹಿಕ್ಕೆ ದಿನಾ ಗುಡಿಸಿ. ಕುರಿ ಕುಡಿಯುವ ನೀರಿನ ತೊಟ್ಟಿಯ ಸುತ್ತಲಿನ ರಾಡಿಗೆ ಮಾತ್ರ ವಿಶೇಷ ಗಮನ ಕೊಡಿ, ಎಲ್ಲ ಕುರಿಯೂ ದಿನಕ್ಕೆರಡು ಸಲ ಕಾಲಿಡುವ ಜಾಗ ಅದು. ಅಲ್ಲಿ ಚಪ್ಪಡಿ ಹಾಸಿ. ಎರಡು ರೊಪ್ಪ ಮಾಡಿಕೊಳ್ಳಲು ಜಾಗವಿದ್ದರೆ ರೋಗ ಬಂದದ್ದನ್ನು ಎರಡು ವಾರ ಖಾಲಿ ಬಿಡಿ.

ಸಂತೆಯಿಂದ ತಂದ ಕುರಿಯನ್ನು ಅವತ್ತೇ ಮಂದೆಗೆ ಬಿಡಬೇಡಿ. ನಾಲ್ಕೂ ಕಾಲು ಎತ್ತಿ ನೋಡಿ, ತೊಟ್ಟಿಯಲ್ಲಿ ನಿಲ್ಲಿಸಿ, ಮೂರು ವಾರ ಬೇರೆ ಇಡಿ. ನಡಿಗೆ ಸರಿಯಿದ್ದರೂ ಗೊರಸಿನ ಬಿರುಕಿನಲ್ಲಿ ರೋಗ ಹೊತ್ತು ತರುವ ಕುರಿಗಳಿವೆ.

ಇಷ್ಟೆಲ್ಲ ಮಾಡಿದರೂ ಮಂದೆಯಲ್ಲಿ ಒಂದೋ ಎರಡೋ ಕುರಿ ಮಳೆ ಬಂದಾಗಲೆಲ್ಲ ಕುಂಟುತ್ತವೆ. ಎರಡು ಸಲ ಪೂರ್ತಿ ಚಿಕಿತ್ಸೆ ಕೊಟ್ಟೂ ಮೂರನೇ ಸಲ ಕೊಳೆತರೆ, ಔಷಧಿಯ ಅವಧಿ ಕಳೆಯಲಿ, ಮಾಂಸಕ್ಕೆ ಕೊಟ್ಟುಬಿಡಿ. ಎಷ್ಟೇ ಒಳ್ಳೆಯ ಟಗರಾದರೂ ಸರಿ. ಸಾಕುವ ಕುರಿ ಅಂತ ಹೇಳಿ ಸಂತೆಯಲ್ಲಿ ಇನ್ನೊಬ್ಬರ ತಲೆಗೆ ಕಟ್ಟಬೇಡಿ.